ಬೆನ್ನುಮೂಳೆಗೆ ಇಂಜೆಕ್ಷನ್: ಯಾರು ಹಾಕಬಹುದು?

ಪ್ರಶ್ನೆ: ಡಾಕ್ಟ್ರೇ, ನಾಲ್ಕೈದು ತಿಂಗಳಿಂದ ಸೊಂಟನೋವು, ಕಾಲಿಗೂ ಎಳೆತ ಇದೆ. ಡಿಸ್ಕ್ ಜಾರಿದೆ, ಬೆನ್ನುಮೂಳೆಗೆ ಒಂದು ಇಂಜೆಕ್ಷನ್ ಹಾಕಿಸಿಕೊಂಡ್ರೆ ಸರಿಹೋಗುತ್ತೆ ಅಂದಿದ್ದಾರೆ. ಇದನ್ನ ಯಾರು ಹಾಕಿದ್ರೂ ಆಗುತ್ತಾ? ಮೂಳೆ ಡಾಕ್ಟರೇ ಬೇಕಾ? ಇದಕ್ಕೊಂದು ಕಾನೂನು ಇಲ್ವಾ?

ಈ ಪ್ರಶ್ನೆ ಬರದ ವಾರವಿಲ್ಲ. ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೇ ಬರೆದು ಸಾಕಾಗಿದೆ. ನಾನು ಅರಿವಳಿಕೆ ಓದಿ ಆಮೇಲೆ ನೋವಿನ ಚಿಕಿತ್ಸೆಗೆ ಬಂದವನು. ಹಾಗಾಗಿ ಇಲ್ಲಿ ಒಂದೇ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ಕಾನೂನಿನ ಮಾತು. ಎಂಬಿಬಿಎಸ್ ಓದಿ, ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡ ಡಾಕ್ಟರ್ ಮಾತ್ರ ಇದನ್ನು ಹಾಕಬಹುದು. 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂಳೆ ಡಾಕ್ಟರೇ ಆಗಬೇಕೆಂದೇನಿಲ್ಲ. ನಮ್ಮಲ್ಲಿ ಈ ಕೆಲಸ ಜಾಸ್ತಿ ಮಾಡುವವರು ಅರಿವಳಿಕೆ ತಜ್ಞರು. ನ್ಯೂರೋಸರ್ಜನ್, ರೇಡಿಯಾಲಜಿಸ್ಟ್, ಪಿಎಂಆರ್ (ಪುನರ್ವಸತಿ ಚಿಕಿತ್ಸೆ) ಓದಿದವರೂ ಮಾಡುತ್ತಾರೆ. ಫಿಸಿಯೋಥೆರಪಿಸ್ಟ್ ಮಾಡುವಂತಿಲ್ಲ, ವೈದ್ಯ ಪದವಿ ಇಲ್ಲದೆ ಆರ್‌ಎಂಪಿ ಎನಿಸಿಕೊಂಡ ಊರಿನವರಂತೂ ಮುಟ್ಟಲೇಬಾರದು. ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವವನು ನಕಲಿ ವೈದ್ಯನೇ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಹೋಮಿಯೋಪತಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪತಿ ಔಷಧಿ ಕೊಟ್ಟಿದ್ದರು. ರೋಗಿ ಉಳಿಯಲಿಲ್ಲ.

ಆದರೆ ನೋಂದಣಿ ಆದ ಡಾಕ್ಟರ್‌ಗಳ ಪೈಕಿ ಯಾರು ಬೆನ್ನುಮೂಳೆಯ ಒಳಗೆ ಸೂಜಿ ಹಾಕಬಹುದು, ಅದಕ್ಕೆ ಎಷ್ಟು ತರಬೇತಿ ಆಗಿರಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಈ ಖಾಲಿ ಜಾಗದಲ್ಲೇ ಒಂದು ಮಾತು ಬೇರೂರಿದೆ. ರೋಗಿಗಳು ಹೇಳುತ್ತಾರೆ, ರೋಗಿಗಳ ಮನೆಯವರು ಹೇಳುತ್ತಾರೆ, ಬೇಸರದ ಸಂಗತಿ ಏನೆಂದರೆ ಕೆಲವು ಡಾಕ್ಟರ್‌ಗಳೂ ಹೇಳುತ್ತಾರೆ: "ಇಂಜೆಕ್ಷನ್ ತಾನೇ!"

ತೋಳಿಗೆ ಟಿಟಿ ಹಾಕುವುದೂ ಇಂಜೆಕ್ಷನ್ನೇ, ನಿಜ. ಇಲ್ಲಿ ಏನು ನಡೆಯುತ್ತದೆ ನೋಡಿ. ರೋಗಿಯನ್ನು ಓಟಿ ಟೇಬಲ್ ಮೇಲೆ ಬೋರಲಾಗಿ ಮಲಗಿಸಿ, ಹೊಟ್ಟೆಯ ಕೆಳಗೆ ದಿಂಬು ಇಡುತ್ತೇವೆ. ಮೇಲೆ ಸಿ-ಆರ್ಮ್, ಅಂದರೆ ಎಕ್ಸ್‌ರೇಯನ್ನು ಟಿವಿಯಲ್ಲಿ ತೋರಿಸುವ ಯಂತ್ರ. ಸೂಜಿ ಸುಮಾರು 9 ಸೆಂಟಿಮೀಟರ್ ಉದ್ದ. ಅದನ್ನು ಎರಡು ಮೂಳೆಗಳ ನಡುವೆ ನರದ ಬೇರು ಹೊರಬರುವ ಕಿಂಡಿಯ ಹತ್ತಿರ ತಂದು ನಿಲ್ಲಿಸಬೇಕು. ಆ ಕಿಂಡಿಯಲ್ಲಿ ನರ ಒಂದೇ ಇರುವುದಿಲ್ಲ, ಜೊತೆಗೆ ರಕ್ತನಾಳಗಳೂ ಇರುತ್ತವೆ. ಸೂಜಿ ನಿಂತ ಮೇಲೆ ಔಷಧಿಗೆ ಮೊದಲು ಒಂದು ಎಂಎಲ್‌ನಷ್ಟು, ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಡುತ್ತೇವೆ. ಜಾಗ ಸರಿಯಿದ್ದರೆ ಡೈ ನರದ ಗುಂಟ ಗೆರೆ ಎಳೆದಂತೆ ಹರಡಿ ಅಲ್ಲೇ ನಿಲ್ಲುತ್ತದೆ. ಸೂಜಿ ರಕ್ತನಾಳದಲ್ಲಿದ್ದರೆ, ಬಿಟ್ಟ ಕ್ಷಣದಲ್ಲೇ ಡೈ ಹರಿದು ಮಾಯ. ಆಗ ಕೈ ನಿಲ್ಲಿಸಿ ಸೂಜಿ ಸರಿಸಬೇಕು. ಇದನ್ನು ಕಣ್ಣಾರೆ ನೋಡದೆ ಔಷಧಿ ಬಿಡುವುದನ್ನು ನಾನು ಚಿಕಿತ್ಸೆ ಎನ್ನುವುದಿಲ್ಲ.

"ಸಿರಿಂಜ್ ಹಿಂದಕ್ಕೆ ಎಳೆದು ನೋಡಿದೆ, ರಕ್ತ ಬರಲಿಲ್ಲ" ಎನ್ನುವವರಿದ್ದಾರೆ. ಈ ಪರೀಕ್ಷೆಯನ್ನೂ ಅಳೆದು ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂಜಿ ರಕ್ತನಾಳಕ್ಕೆ ಹೋಗಿದ್ದಾಗ ಈ ಪರೀಕ್ಷೆ ಅದನ್ನು ಹಿಡಿದದ್ದು ಅರ್ಧಕ್ಕಿಂತ ಕಡಿಮೆ ಸಲ. ಉಳಿದದ್ದು ಗೊತ್ತಾದದ್ದು ಡೈಯಿಂದಲೇ.

ಇನ್ನು ಔಷಧಿ. ಟ್ರಯಾಮ್ಸಿನೋಲೋನ್, ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ, ಊತ ಇಳಿಸುವ ಸ್ಟೀರಾಯ್ಡ್‌ಗಳ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲುಗಾಡಿಸಿದರೆ ಹಾಲಿನಂತೆ ಬೆಳ್ಳಗೆ. ಸ್ವಲ್ಪ ಹೊತ್ತು ಇಟ್ಟರೆ ಪುಡಿ ತಳ ಸೇರುತ್ತದೆ. ಅದರಲ್ಲಿರುವುದು ಕರಗದ ಕಣಗಳು. ಆ ಕಣಗಳು ಬೆನ್ನುಹುರಿಗೆ ರಕ್ತ ಒಯ್ಯುವ ಸಣ್ಣ ನಾಳಕ್ಕೆ ಹೋಗಿ ಅಡ್ಡ ಕೂತರೆ ಎರಡೂ ಕಾಲು ಸ್ವಾಧೀನ ತಪ್ಪಬಹುದು. ಕುತ್ತಿಗೆಯಲ್ಲಾದರೆ ಮೆದುಳಿಗೇ ಸ್ಟ್ರೋಕ್. ಅಪರೂಪ, ತುಂಬಾ ಅಪರೂಪ. ಆದರೆ ಆಗಿದೆ. 2014ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು: ದೃಷ್ಟಿ ಹೋಗುವುದು, ಸ್ಟ್ರೋಕ್, ಪಾರ್ಶ್ವವಾಯು, ಸಾವು. ಬೆನ್ನುಮೂಳೆಯೊಳಗೆ ಸ್ಟೀರಾಯ್ಡ್ ಹಾಕಲು ನಾವು ಒಪ್ಪಿಗೆಯನ್ನೇ ಕೊಟ್ಟಿಲ್ಲ ಎಂದೂ ಹೇಳಿತು. ಡೆಕ್ಸಾಮೆಥಾಸೋನ್ ತಿಳಿಯಾದ ಔಷಧಿ, ಅದರಲ್ಲಿ ಈ ಕಣಗಳಿಲ್ಲ. ಎಲ್ಲಿಗೆ ಯಾವುದು ಎಂದು ತಿಳಿದಿರುವುದೂ ಈ ವಿದ್ಯೆಯ ಭಾಗ.

ಸ್ಟೀರಾಯ್ಡ್ ಜೊತೆ ಕೊಡುವ ಮರಗಟ್ಟಿಸುವ ಔಷಧಿ ಬೆನ್ನುಹುರಿಯ ನೀರಿಗೆ ಸೇರಿಬಿಟ್ಟರೆ ಬಿಪಿ ಇಳಿಯುತ್ತದೆ, ಔಷಧಿ ಮೇಲಕ್ಕೇರಿದರೆ ಉಸಿರೂ ನಿಲ್ಲಬಹುದು. ಆಗ ಪಕ್ಕದಲ್ಲಿ ಆಕ್ಸಿಜನ್, ಉಸಿರಾಟದ ಟ್ಯೂಬ್ ಇರಬೇಕು, ಅದನ್ನು ಹಾಕಬಲ್ಲವರೂ ಇರಬೇಕು. ಕ್ಲಿನಿಕ್‌ನ ಹಿಂದಿನ ಕೋಣೆಯಲ್ಲಿ, ಕಾಂಪೌಂಡರ್ ಟಾರ್ಚ್ ಹಿಡಿದು ನಿಂತಿರುವಾಗ ಹಾಕುವಂಥದ್ದಲ್ಲ ಇದು. ದಯವಿಟ್ಟು ಇನ್ನು ಮೇಲೆ "ಇಂಜೆಕ್ಷನ್ ತಾನೇ" ಅನ್ನಬೇಡಿ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಸಿ-ಆರ್ಮ್ ಯಂತ್ರ ಇಟ್ಟುಕೊಳ್ಳಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ನರ ನೋಡಲು ಅಲ್ಟ್ರಾಸೌಂಡ್ ಯಂತ್ರ ತಂದರೂ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿ ಕಡ್ಡಾಯ. ಭ್ರೂಣಲಿಂಗ ಪತ್ತೆ ತಡೆಯಲು ಬಂದ ಕಾಯ್ದೆ ಅದು, ಇರಲೇಬೇಕು. ಯಂತ್ರಕ್ಕೆ ಇಷ್ಟು ಕಾಯ್ದೆ ಇರುವಾಗ, ಆ ಯಂತ್ರ ನೋಡುತ್ತಾ ಸೂಜಿ ಹಿಡಿಯುವ ಕೈಗೂ ಒಂದು ಕನಿಷ್ಠ ತರಬೇತಿ ಗೊತ್ತು ಮಾಡಬೇಕು ಅಲ್ವಾ? ಅಮೆರಿಕದಲ್ಲಿ ಈ ಜಗಳ ಕೋರ್ಟಿಗೂ ಹೋಗಿದೆ. ಅರಿವಳಿಕೆ ಕೊಡುವ ನರ್ಸ್‌ಗಳು ದೀರ್ಘಕಾಲದ ನೋವಿಗೆ ಇಂಥ ಇಂಜೆಕ್ಷನ್ ಹಾಕುವಂತಿಲ್ಲ, ಇದು ಡಾಕ್ಟರ್ ಕೆಲಸ ಎಂದು 2008ರಲ್ಲಿ ಲೂಸಿಯಾನದ ಕೋರ್ಟ್ ಹೇಳಿತು. 2013ರಿಂದ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಆಯಾ ರಾಜ್ಯದ ಕಾನೂನು ಒಪ್ಪಿದರೆ ಅವರಿಗೂ ಹಣ ಕೊಡುತ್ತೇವೆ ಎಂದಿತು. ಅಲ್ಲಿ ಜಗಳವಾದರೂ ನಡೆಯುತ್ತಿದೆ.

ಗೋಡೆಯ ಮೇಲಿನ ಸರ್ಟಿಫಿಕೇಟ್ ಬಗ್ಗೆಯೂ ಕೇಳುತ್ತೀರಿ. ವಾರಾಂತ್ಯದ ವರ್ಕ್‌ಶಾಪ್‌ಗೂ ಚಿನ್ನದ ಅಂಚಿನ ಸರ್ಟಿಫಿಕೇಟ್ ಸಿಗುತ್ತದೆ. ಎಂಡಿ ಆದ ಮೇಲೆ ಲಖನೌದ ಎಸ್‌ಜಿಪಿಜಿಐನಂಥ ಕಡೆ ಮಾಡುವ ಪಿಡಿಸಿಸಿ ಎಂಬ ನೋವಿನ ಚಿಕಿತ್ಸೆಯ ಕೋರ್ಸ್ ಬೇರೆ ತೂಕದ್ದು. ಎಫ್‌ಐಪಿಪಿ ಎನ್ನುವುದು ವರ್ಲ್ಡ್ ಇನ್‌ಸ್ಟಿಟ್ಯೂಟ್ ಆಫ್ ಪೇನ್ ನಡೆಸುವ ಪರೀಕ್ಷೆ. ಅದನ್ನು ಪಾಸು ಮಾಡುವುದು ಸುಲಭವಲ್ಲ, ಆದರೆ ಅದು ಸರ್ಕಾರ ಕೊಡುವ ಲೈಸೆನ್ಸ್ ಅಲ್ಲ. ಒಂದು ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದೆ ಅದರ ಸ್ಪೆಷಲಿಸ್ಟ್ ಎಂದು ಹೇಳಿಕೊಳ್ಳಬಾರದು ಎಂದು 2002ರ ನಡತೆ ನಿಯಮಗಳಲ್ಲಿದೆ. ಚೀಟಿಯ ಮೇಲೂ ರಸೀದಿಯ ಮೇಲೂ ನೋಂದಣಿ ಸಂಖ್ಯೆ ಇರಬೇಕು ಎಂದೂ ಇದೆ. ಕರ್ನಾಟಕದಲ್ಲಿ ಆಸ್ಪತ್ರೆಯ ಹೊರಗೆ ಕೆಪಿಎಂಇ ಸಂಖ್ಯೆ, ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿಯ ನೋಂದಣಿ ಸಂಖ್ಯೆ, ಕಾಣಬೇಕು. ಅಲೋಪತಿಗೆ ನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು ಎಂದು 2024ರಲ್ಲಿ ಆರೋಗ್ಯ ಇಲಾಖೆ ಹೇಳಿದೆ. ನೋಡಿಕೊಂಡೇ ಒಳಗೆ ಹೋಗಿ.

ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಸಿ-ಆರ್ಮ್ ಇದೆಯಾ, ಡೈ ಹಾಕ್ತೀರಾ, ಯಾವ ಸ್ಟೀರಾಯ್ಡ್, ಇದನ್ನು ಎಲ್ಲಿ ಕಲಿತಿರಿ? ಕಲಿತವರಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ. ಅವರೂ ನಿಮ್ಮನ್ನು ಎರಡು ಮಾತು ಕೇಳಲೇಬೇಕು: ಶುಗರ್ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತಗೋತೀರಾ? ಸ್ಟೀರಾಯ್ಡ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ಹೃದಯಕ್ಕೆಂದು ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟವರನ್ನು ಕೇಳಿ.

ಯಾರು ಹಾಕಬಹುದು ಎಂದು ಎಲ್ಲರೂ ಕೇಳುತ್ತೀರಿ. ಹಾಕಿಸಿಕೊಳ್ಳಬೇಕಾ ಎಂದು ಯಾರೂ ಕೇಳುವುದಿಲ್ಲ. ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಎಂದ ಕೂಡಲೇ ಇಂಜೆಕ್ಷನ್ ಬೇಕು ಅಂತಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡಿದ 2015ರ ವಿಶ್ಲೇಷಣೆಯಲ್ಲಿ, 20 ವರ್ಷದವರಲ್ಲಿ ಶೇ. 30, 80 ವರ್ಷದವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಜಾರಿದ ಡಿಸ್ಕ್ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಬರೀ ಸೊಂಟನೋವಿಗೆ ಬೆನ್ನುಮೂಳೆಯ ಇಂಜೆಕ್ಷನ್ ಕೊಡಬೇಡಿ, ಹೊಸದಾಗಿ ಬಂದ ತೀವ್ರ ಸಯಾಟಿಕಾಗೆ (ನರ ಒತ್ತಿ ಕಾಲಿಗಿಳಿಯುವ ನೋವಿಗೆ) ಯೋಚಿಸಬಹುದು ಎಂದು, ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿತು. 2025ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ: ಮೂರು ತಿಂಗಳು ದಾಟಿದ, ಕ್ಯಾನ್ಸರ್‌ನಿಂದ ಬಂದದ್ದಲ್ಲದ ಬೆನ್ನು, ಕುತ್ತಿಗೆ ನೋವಿಗೆ ಈ ಇಂಜೆಕ್ಷನ್‌ಗಳು ಬೇಡ. ಕಾಲಿಗೆ ಎಳೆತ ಇದ್ದರೂ ಬೇಡ. ನನ್ನ ವೃತ್ತಿಯ ಹಲವರು ಇದನ್ನು ಒಪ್ಪಿಲ್ಲ. ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ನೋವು ತಡೆಯಲಾಗದೆ ನಿದ್ದೆಗೆಟ್ಟ ಹೊಸ ಸಯಾಟಿಕಾದವರಿಗೆ ಹಾಕುತ್ತೇನೆ, ಅದೂ ಕೆಲವು ವಾರ ನೋವು ತಗ್ಗಿ ಓಡಾಡುವಂತಾಗಲಿ ಎಂದು. ವರ್ಷಗಟ್ಟಲೆಯ ಸೊಂಟನೋವಿಗೆ ವ್ಯಾಯಾಮ ಬರೆದುಕೊಟ್ಟು ಕಳಿಸುತ್ತೇನೆ. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋಗುತ್ತಾರೆ.

ಇನ್ನೊಂದನ್ನು ಮಾತ್ರ ಮರೆಯಬೇಡಿ. ಸೊಂಟನೋವಿನ ಜೊತೆ ಮೂತ್ರ ಹೋಗುವುದು ಗೊತ್ತಾಗದಿದ್ದರೆ, ಇಲ್ಲಾ ಕಟ್ಟಿಕೊಂಡರೆ, ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಜೋಲು ಬಿದ್ದರೆ, ಇಂಜೆಕ್ಷನ್ ಹಾಕುವವರನ್ನು ಹುಡುಕುತ್ತಾ ಕೂರಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ನ್ಯೂರೋಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ.