ಸೂಜಿ ಚುಚ್ಚಿದರೆ ಗಡ್ಡೆ ಹರಡುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಮೊಣಕಾಲಿನ ಮೇಲೆ ಊತ, ರಾತ್ರಿ ನೋವು ಹೆಚ್ಚು. ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಗಡ್ಡೆಯ ಅನುಮಾನವಿದೆ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗಬೇಕು ಎಂದಿದ್ದಾರೆ. ಸೂಜಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮಾಡಿಸಿ. ಆದರೆ ಎಲ್ಲೆಂದರಲ್ಲಿ ಬೇಡ.

ಹಿರಿಯರ ಅಂಜಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ. ಸೂಜಿ ಹೋಗಿ ಬಂದ ದಾರಿಯಲ್ಲಿ ಗಡ್ಡೆಯ ಕೆಲವು ಜೀವಕೋಶಗಳು ಉಳಿದುಕೊಳ್ಳಬಹುದು. ಈ ಗಡ್ಡೆಗಳಲ್ಲಿ ಪಳಗಿದ ಶಸ್ತ್ರವೈದ್ಯರಿಗೆ ಇದು ಗೊತ್ತು. ಅದಕ್ಕೇ ಅವರು ಮುಂದೆ ಆಪರೇಷನ್‌ಗೆ ಎಲ್ಲಿ ಕೊಯ್ಯಬೇಕೋ ಆ ಗೆರೆಯ ಮೇಲೆಯೇ ಸೂಜಿ ಇಳಿಸುತ್ತಾರೆ. ಬೇಕೆನಿಸಿದರೆ ಗಡ್ಡೆಯ ಜೊತೆ ಆ ದಾರಿಯನ್ನೂ ಚರ್ಮದ ಸಮೇತ ತೆಗೆದುಬಿಡುತ್ತಾರೆ. ಇದನ್ನರಿಯದವರು ತೊಡೆಗೆ ಅಡ್ಡಲಾಗಿ ಕೊಯ್ದರೆ, ರಕ್ತ ಜಿನುಗಿ ಪಕ್ಕದ ಸ್ನಾಯುಗಳೆಲ್ಲ ಕಲುಷಿತವಾದರೆ, ಉಳಿಯಬಹುದಾಗಿದ್ದ ಕಾಲೇ ಹೋದೀತು. ಅಮೆರಿಕದ ಮೂಳೆ ಶಸ್ತ್ರವೈದ್ಯ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ ಇಂಥ 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದಾಗ, 15 ಮಂದಿ ಅನಗತ್ಯವಾಗಿ ಅಂಗ ಕಳೆದುಕೊಂಡದ್ದು ಕಂಡುಬಂತು. ತಪ್ಪುಗಳು ಹೆಚ್ಚಾಗಿ ಆದದ್ದು ಮುಂದಿನ ಚಿಕಿತ್ಸೆ ಕೊಡುವ ಕೇಂದ್ರಗಳಲ್ಲಲ್ಲ, ರೋಗಿಯನ್ನು ಅಲ್ಲಿಗೆ ಕಳುಹಿಸಿದ ಆಸ್ಪತ್ರೆಗಳಲ್ಲಿ.

ಬಯಾಪ್ಸಿ ಇಲ್ಲದೆ ಆಗುವುದಿಲ್ಲವೇ? ಇಲ್ಲ. ಮೂಳೆಯ ಸೋಂಕು, ಕ್ಷಯ, ಆಸ್ಟಿಯೋಸಾರ್ಕೋಮಾ ಮತ್ತು ಯೂಯಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್‌ಗಳು, ಇವೆಲ್ಲ ಎಕ್ಸ್‌ರೇಯಲ್ಲಿ ಒಮ್ಮೊಮ್ಮೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಯೂಯಿಂಗ್ ವಿಕಿರಣಕ್ಕೆ ಬಗ್ಗುತ್ತದೆ, ಆಸ್ಟಿಯೋಸಾರ್ಕೋಮಾ ಅಷ್ಟಾಗಿ ಬಗ್ಗುವುದಿಲ್ಲ.

ಎಂಆರ್‌ಐ ಬಯಾಪ್ಸಿಗಿಂತ ಮೊದಲೇ ಆಗಲಿ, ಅದೂ ತೊಡೆಮೂಳೆಯ ಪೂರ್ತಿ ಉದ್ದಕ್ಕೆ. ಚುಚ್ಚಿದ ಮೇಲೆ ಒಳಗೆ ರಕ್ತ ಕಟ್ಟಿದರೆ ಗಡ್ಡೆಯ ಅಂಚು ಮಸುಕಾಗುತ್ತದೆ. ಕ್ಯಾನ್ಸರ್ ಎಂದಾದರೆ ಎದೆಯ ಸಿಟಿ ಸ್ಕ್ಯಾನ್ ಕೂಡ ಬೇಕು, ಏಕೆಂದರೆ ಇದು ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಆಸ್ಟಿಯೋಸಾರ್ಕೋಮಾ ಆಗಿದ್ದರೆ ಸಾಮಾನ್ಯವಾಗಿ ಸುಮಾರು 10 ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಹಾಳಾದ ಮೂಳೆಯ ಜಾಗಕ್ಕೆ ಲೋಹದ ಕೀಲು ಕೂರಿಸಿ ಈಗ ಬಹುಪಾಲು ಮಕ್ಕಳ ಕಾಲು ಉಳಿಸುತ್ತಾರೆ.

ಒಂದು ಮಾತು ಹೇಳದೆ ಇರಲಾರೆ. ಸೂಜಿಗೆ ಹೆದರುವ ಮನೆಗಳಲ್ಲೇ ಎಣ್ಣೆ ಹಚ್ಚಿ ನೀವಿಸುವುದು, ಪಟ್ಟು ಕಟ್ಟಿಸುವುದು ತಿಂಗಳುಗಟ್ಟಲೆ ನಡೆದಿರುತ್ತದೆ. ಅದನ್ನು ಇವತ್ತೇ ನಿಲ್ಲಿಸಿ.

ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಈ ವಾರವೇ ಹೋಗಿ. ಅಲ್ಲಿ ಕೇಳಬೇಕಾದ್ದು ಇಷ್ಟು: ಆಪರೇಷನ್ ಮಾಡುವವರೇ ಸೂಜಿ ಹಾಕುತ್ತಾರೆಯೇ, ಇಲ್ಲವೇ ಚುಚ್ಚುವ ಜಾಗವನ್ನಾದರೂ ಅವರೇ ಗುರುತಿಸಿಕೊಡುತ್ತಾರೆಯೇ? ಅಲ್ಲಿಯವರೆಗೆ ಮಗನಿಗೆ ಆಟ, ಓಟ ಬೇಡ; ಆ ಕಾಲಿನ ಮೇಲೆ ಭಾರ ಬೀಳದಂತೆ ಊರುಗೋಲು ಕೊಡಿಸಿ. ಗಡ್ಡೆ ಕೊರೆದ ಮೂಳೆ ಮೆಟ್ಟಿಲು ಎಡವಿದರೂ ಮುರಿಯಬಹುದು.