ಅಂಗಾಲಿನ ಕಪ್ಪು ಕಲೆಯೆಲ್ಲ ಆಣಿಯಲ್ಲ

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬಿಸಿಲಿನಿಂದ ಬರುವ ಕಾಯಿಲೆ ಎಂದೇ ಹೆಚ್ಚಿನವರ ತಿಳಿವಳಿಕೆ. ಅದು ಅರ್ಧ ಸತ್ಯ. ನಮ್ಮಂಥ ಕಂದು ಮೈಬಣ್ಣದವರಿಗೆ ಅದು ಬರುವುದು ಅಪರೂಪ, ನಿಜ. ಬಂದಾಗ ಮಾತ್ರ ಹೆಚ್ಚಾಗಿ ಬಿಸಿಲೇ ತಾಗದ ಕಡೆ ಕಾಣಿಸಿಕೊಳ್ಳುತ್ತದೆ: ಅಂಗಾಲು, ಅಂಗೈ, ಉಗುರಿನ ಅಡಿ. ಇದಕ್ಕೆ ವೈದ್ಯರು ಅಕ್ರಲ್ ಮೆಲನೋಮಾ ಎನ್ನುತ್ತಾರೆ.

ಮುಂಬಯಿಯ ಮಾಟುಂಗಾದ ಹೋಟೆಲ್ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ದುಡಿಯುವವರು, ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತು ಬರುವವರು ಅಂಗಾಲಿನ ಕಲೆಯನ್ನು ಎಲ್ಲಿ ನೋಡುತ್ತಾರೆ? ಕಂಡರೂ ಆಣಿ ಎಂದುಕೊಂಡು ಕಾರ್ನ್ ಕ್ಯಾಪ್ ಅಂಟಿಸಿಬಿಡುತ್ತಾರೆ. ಅದರ ಸ್ಯಾಲಿಸಿಲಿಕ್ ಆಮ್ಲ ಮೇಲಿನ ಚರ್ಮವನ್ನಷ್ಟೇ ಸುಲಿಯುತ್ತದೆ, ಗಡ್ಡೆ ಒಳಗೆ ಇಳಿಯುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಪಾಡು ಇನ್ನೂ ಕಷ್ಟ: ಮಾಯದ ಹುಣ್ಣನ್ನು ಶುಗರ್ ಹುಣ್ಣೆಂದೇ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸುತ್ತಾರೆ. ಬಣ್ಣವೇ ಇಲ್ಲದ, ಗುಲಾಬಿ ಗಂಟಿನಂತೆ ಕಾಣುವ ಮೆಲನೋಮಾಗಳೂ ಇವೆ.

ಅಂಚು ಸೊಟ್ಟಗಿರುವ, ಒಂದೇ ಕಲೆಯೊಳಗೆ ಕಂದು, ಕಪ್ಪು, ಬೂದು ಬೆರೆತಿರುವ, ತಿಂಗಳಿಂದ ತಿಂಗಳಿಗೆ ಹಿಗ್ಗುವ ಮಚ್ಚೆಯನ್ನು ಚರ್ಮವೈದ್ಯರಿಗೆ ತೋರಿಸಬೇಕು. ಅಂಗಾಲಿನಲ್ಲಿ 7 ಮಿಲಿಮೀಟರ್ ದಾಟಿದ್ದರಂತೂ ಕಾಯಲೇಬಾರದು.

ಉಗುರಿನಲ್ಲಿ ಗುರುತಿಸುವುದು ಸ್ವಲ್ಪ ನಾಜೂಕು. ಪೆಟ್ಟು ಬಿದ್ದು ಹೆಪ್ಪುಗಟ್ಟಿದ ರಕ್ತ ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ, ಹಿಂದೆ ತಿಳಿ ಉಗುರು ಬರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದು ಅದರ ಅರ್ಧದಷ್ಟು. ಹಾಗಾಗಿ ತಿಂಗಳಿಗೊಮ್ಮೆ ಫೋಟೊ ತೆಗೆದಿಟ್ಟುಕೊಂಡರೆ ಎರಡು ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮೆಲನೋಮಾದ ಪಟ್ಟೆ ಸರಿಯುವುದಿಲ್ಲ. ಬುಡದಿಂದ ತುದಿಯವರೆಗೆ ಉದ್ದಕ್ಕೂ ಇರುತ್ತದೆ, ಅಗಲವಾಗುತ್ತ ಹೋಗುತ್ತದೆ. ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೂ ಹರಡಿದ್ದರೆ ಅದು ಹಚಿನ್ಸನ್ ಲಕ್ಷಣ. ಫೋಟೊ ತೆಗೆಯುತ್ತ ಕೂರದೆ ಆ ವಾರವೇ ವೈದ್ಯರ ಬಳಿ ಹೋಗಿ. ಹಲವು ಉಗುರುಗಳಲ್ಲಿ ತೆಳು ಕಂದು ಗೆರೆಗಳಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ನಡುವಯಸ್ಸಿನ ನಂತರ ಹೊಸದಾಗಿ ಮೂಡಿದ್ದು ಅನುಮಾನಾಸ್ಪದ.

ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆ ಹೆದರಿಕೆಯಿಂದ ಮುಂದೂಡುವ ತಿಂಗಳುಗಳೇ ಅಪಾಯ. ಸಾಧ್ಯವಾದಲ್ಲೆಲ್ಲ ಕಲೆಯನ್ನು ಪೂರ್ತಿಯಾಗಿ, ಚರ್ಮದ ಪೂರ್ಣ ಆಳದವರೆಗೆ ತೆಗೆಯಬೇಕು. ಮೇಲಿಂದ ಕೆರೆದು ಅಥವಾ ಸುಟ್ಟು ತೆಗೆದರೆ ಗಡ್ಡೆಯ ದಪ್ಪ ಅಳೆಯಲಾಗದು. ಬ್ರೆಸ್ಲೋ ಎಂಬ ಆ ದಪ್ಪದ ಮೇಲೆಯೇ ಮುಂದಿನದೆಲ್ಲ ನಿಂತಿದೆ. 1 ಮಿಲಿಮೀಟರ್‌ವರೆಗಿದ್ದರೆ ಸುತ್ತ 1 ಸೆಂಟಿಮೀಟರ್ ಒಳ್ಳೆಯ ಚರ್ಮ ಸೇರಿಸಿ ಕತ್ತರಿಸುತ್ತಾರೆ, 2 ಮಿಲಿಮೀಟರ್ ಮೀರಿದರೆ 2 ಸೆಂಟಿಮೀಟರ್. 1 ಮಿಲಿಮೀಟರ್ ದಾಟಿದ್ದರೆ ಕ್ಯಾನ್ಸರ್ ಮೊದಲು ತಲುಪಬಹುದಾದ ತೊಡೆಸಂದು ಅಥವಾ ಕಂಕುಳಿನ ದುಗ್ಧರಸ ಗ್ರಂಥಿಯನ್ನೂ (ಲಿಂಫ್ ನೋಡ್) ಪರೀಕ್ಷಿಸುತ್ತಾರೆ. ಹರಡಿದ ಮೇಲೆ ಪೆಂಬ್ರೊಲಿಜುಮಾಬ್, ನಿವೊಲುಮಾಬ್‌ನಂಥ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧ ಇದೆ. ಆದರೆ ಅದು ದುಬಾರಿ, ಮೇಲಾಗಿ ಅಕ್ರಲ್ ಬಗೆಯಲ್ಲಿ ಫಲ ಕಡಿಮೆ. ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಾಗ ಬಯಾಪ್ಸಿಯ ವರದಿ, ಸ್ಲೈಡು ಮತ್ತು ಬ್ಲಾಕ್ (ತೆಗೆದ ಚರ್ಮದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ಮೂರನ್ನೂ ಒಯ್ಯಿರಿ.

ಸನ್‌ಸ್ಕ್ರೀನ್ ಈ ಅಕ್ರಲ್ ಮೆಲನೋಮಾವನ್ನು ತಡೆಯದು. ತೊನ್ನಲ್ಲದ, ಹುಟ್ಟಿನಿಂದಲೇ ಮೈಯೆಲ್ಲ ಬಿಳಿಯಾಗಿರುವ ಆಲ್ಬಿನಿಸಂ ಇದ್ದವರಿಗೆ ಮಾತ್ರ ಬಿಸಿಲಿನಿಂದ ರಕ್ಷಣೆ ಕಡ್ಡಾಯ, ಅವರಿಗೆ ಇತರ ಚರ್ಮದ ಕ್ಯಾನ್ಸರ್‌ಗಳ ಭಯವೂ ಇದೆ. ಉಳಿದವರು ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಕನ್ನಡಿ ಹಿಡಿದು ಅಂಗಾಲು, ಹಿಮ್ಮಡಿ, ಬೆರಳಸಂದು ನೋಡಿಕೊಳ್ಳಬೇಕು, ನೇಲ್ ಪಾಲಿಷ್ ತೆಗೆದು ಉಗುರು ನೋಡಬೇಕು. ಬಗ್ಗಲಾಗದ ಹಿರಿಯರ ಕಾಲನ್ನು ಮನೆಯವರು ಉಗುರು ಕತ್ತರಿಸುವಾಗಲೇ ನೋಡಿಬಿಡಬಹುದು.