ನಡುಕ ನಿಂತ ಮೇಲೆ ಉಳಿಯುವ ಪ್ರಶ್ನೆಗಳು

ಸಹಿ ಹೊಂದುತ್ತಿಲ್ಲವೆಂದು ಬ್ಯಾಂಕಿನವರು ಚೆಕ್ಕನ್ನು ಹಿಂದಿರುಗಿಸಿದಾಗಲೇ ಕೆಲವರಿಗೆ ತಮ್ಮ ಕಾಯಿಲೆಯ ಮೊದಲ ಸುಳಿವು ಸಿಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಬರೆಯುತ್ತ ಹೋದಂತೆ ಅಕ್ಷರ ಕಿರಿದಾಗುತ್ತದೆ. ಮುಖದಲ್ಲಿ ಭಾವ ಮೂಡುವುದು ಕಡಿಮೆಯಾಗಿ, ಎದುರಿಗಿರುವವರಿಗೆ ಇವರು ಸಿಡುಕಿಕೊಂಡಿದ್ದಾರೆ ಎನಿಸುತ್ತದೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ನಡುಕ. ಹೀಗಾಗಿ ಶಸ್ತ್ರಚಿಕಿತ್ಸೆಯ ಇತಿಹಾಸವೂ ಬಹುಕಾಲ ನಡುಕದ ಬೆನ್ನುಹತ್ತಿಯೇ ಸಾಗಿತು. ನೌಕರಿ, ದಾಂಪತ್ಯ, ಒಡನಾಟಗಳ ವಿಚಾರಣೆ ಶುರುವಾದದ್ದು ತೀರ ತಡವಾಗಿ.

1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಲೆವೊಡೋಪ ಮಾತ್ರೆ, ಚಲನೆಗೆ ಬೇಕಾದ, ಮಿದುಳಿನಲ್ಲಿ ಕುಗ್ಗಿದ ಡೋಪಮೈನ್ ಎಂಬ ರಾಸಾಯನಿಕವನ್ನು ತುಂಬಿಕೊಟ್ಟು, ಹಾಸಿಗೆ ಹಿಡಿದವರನ್ನೂ ಎಬ್ಬಿಸಿ ನಡೆಸಿತು. ಕೆಲವು ವರ್ಷಗಳಾದ ಮೇಲೆ ಅದರ ಬಲ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಮದ್ದು ಕೆಲಸ ಮಾಡುವ ಹೊತ್ತನ್ನು ‘ಆನ್’, ಇಳಿದ ಹೊತ್ತನ್ನು ‘ಆಫ್’ ಎಂದೇ ರೋಗಿಗಳು ಕರೆಯುತ್ತಾರೆ. ಹನ್ನೊಂದು ಗಂಟೆಯ ಮೀಟಿಂಗಿಗೆ ಎಷ್ಟು ಹೊತ್ತಿಗೆ ಮಾತ್ರೆ ನುಂಗಬೇಕೆಂದು ಎಣಿಸುತ್ತ ಕೂರುವವರಿಗೆ ಕಚೇರಿಯ ಕೆಲಸಕ್ಕಿಂತ ಈ ಎಣಿಕೆಯೇ ಹೆಚ್ಚು ಆಯಾಸ ತರುತ್ತದೆ.

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1987ರಲ್ಲಿ ಶಸ್ತ್ರವೈದ್ಯ ಅಲೀಂ ಲೂಯಿ ಬೆನಾಬಿದ್, ಮಿದುಳಿನಾಳದ ಥಲಾಮಸ್ ಎಂಬ ಭಾಗದಲ್ಲಿ ನಡುಕಕ್ಕೆ ಕಾರಣವಾದ ಒಂದು ಬಿಂದುವನ್ನು ಸುಡುವ ಮೊದಲು ಜಾಗ ಸರಿಯಿದೆಯೇ ಎಂದು ವಿದ್ಯುತ್ ಹಾಯಿಸಿ ಪರೀಕ್ಷಿಸುತ್ತಿದ್ದರು. ಸ್ಪಂದನಗಳು ಸೆಕೆಂಡಿಗೆ ನೂರರ ಆಸುಪಾಸಿಗೆ ಏರಿದಾಗ, ಎಚ್ಚರವಾಗಿಯೇ ಮಲಗಿದ್ದ ರೋಗಿಯ ಕೈ ನಡುಗುವುದು ನಿಂತಿತು. ಸುಡದೆಯೇ, ಬೇಡವೆನಿಸಿದರೆ ನಿಲ್ಲಿಸಬಹುದಾದ ಚಿಕಿತ್ಸೆಯೊಂದು ಹೀಗೆ ಹುಟ್ಟಿತು. ಥಲಾಮಸ್ಸಿನ ಕೆಳಗಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಪುಟ್ಟ ಗಂಟಿಗೆ ಈ ಕಾಯಿಲೆಯಲ್ಲಿರುವ ಪಾತ್ರವನ್ನು 1990ರಲ್ಲಿ ಅಮೆರಿಕದ ನರವಿಜ್ಞಾನಿ ಮಹ್ಲಾನ್ ಡಿಲಾಂಗ್ ಮತ್ತು ಸಹೋದ್ಯೋಗಿಗಳು ಕೋತಿಗಳಲ್ಲಿ ತೋರಿಸಿಕೊಟ್ಟರು; 1993ರಲ್ಲಿ ಗ್ರೆನೋಬಲ್ ತಂಡ ಅಲ್ಲಿಗೇ ತಂತಿಯಿಳಿಸಿತು. ಎದೆಯ ಚರ್ಮದಡಿ ಬ್ಯಾಟರಿ, ಕತ್ತಿನೊಳಗಿಂದ ಮಿದುಳಿಗೆ ತಂತಿ: ಇದೇ ಡಿಬಿಎಸ್, ಅಂದರೆ ಮಿದುಳಿನಾಳಕ್ಕೆ ವಿದ್ಯುತ್ ಸ್ಪಂದನ ಕೊಡುವ ‘ಡೀಪ್ ಬ್ರೈನ್ ಸ್ಟಿಮ್ಯುಲೇಷನ್’. ಅಮೆರಿಕದಲ್ಲಿ 2002ರಲ್ಲಿ ಮುಂದುವರಿದ ಪಾರ್ಕಿನ್ಸನ್ನಿಗೆ ಇದಕ್ಕೆ ಅನುಮತಿ ದೊರೆಯಿತು.

ಬದುಕಿನ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಪ್ಯಾರಿಸ್ಸಿನ ವೈದ್ಯರು. ಮೈಕೆಲ್ ಶೂಪ್‌ಬಾಖ್ ಮತ್ತು ಸಂಗಡಿಗರು 29 ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ಒಂದೂವರೆಯಿಂದ ಎರಡು ವರ್ಷಗಳ ನಂತರ ಸುದೀರ್ಘವಾಗಿ ಮಾತನಾಡಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಲನೆ ಬಹಳ ಸುಧಾರಿಸಿತ್ತು, ಬುದ್ಧಿಶಕ್ತಿಗೆ ಧಕ್ಕೆಯಾಗಿರಲಿಲ್ಲ. ಆದರೂ ಸಾಮಾಜಿಕ ಹೊಂದಾಣಿಕೆ ಉತ್ತಮಗೊಂಡಿರಲಿಲ್ಲ. ಮೊದಲು ಉದ್ಯೋಗದಲ್ಲಿದ್ದ 16 ಮಂದಿಯಲ್ಲಿ 9 ಮಂದಿ ಮಾತ್ರ ಕೆಲಸಕ್ಕೆ ಮರಳಿದ್ದರು. 24 ದಂಪತಿಗಳಲ್ಲಿ 17ರಲ್ಲಿ ಕಲಹ ಕಾಣಿಸಿಕೊಂಡಿತ್ತು. ಇದು ಚಿಕಿತ್ಸೆಯ ಸೋಲೆಂದು ನನಗನಿಸುವುದಿಲ್ಲ. ಗುಂಡಿ ಹಾಕುವುದರಿಂದ ಹಿಡಿದು ಅನ್ನ ಕಲಸಿಕೊಡುವವರೆಗೆ ವರ್ಷಗಟ್ಟಲೆ ಆರೈಕೆಯ ಸುತ್ತಲೇ ಕಟ್ಟಿಕೊಂಡ ಸಂಸಾರದಲ್ಲಿ, ಒಬ್ಬರು ದಿಢೀರನೆ ಸ್ವತಂತ್ರರಾದರೆ ಇನ್ನೊಬ್ಬರ ದಿನಚರಿಯೂ ಕುಸಿಯುತ್ತದಲ್ಲವೇ? ಜೊತೆಗೆ, ಶಸ್ತ್ರಚಿಕಿತ್ಸೆಯ ನಂತರ ಔಷಧವನ್ನು ತೀರ ಇಳಿಸಿದಾಗ ಆವರಿಸುವ ನಿರುತ್ಸಾಹವನ್ನು ಮನೆಯವರು ಸೋಮಾರಿತನವೆಂದು ತಿಳಿಯುವುದೂ ಉಂಟು.

ಅದೇ ಶೂಪ್‌ಬಾಖ್ ಮುಂದಾಳುತನದಲ್ಲಿ ಜರ್ಮನಿ ಮತ್ತು ಫ್ರಾನ್ಸಿನ 251 ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಹೊರಬಂತು. ಸರಾಸರಿ 52 ವರ್ಷದ ಇವರಲ್ಲಿ ಹಲವರು ಇನ್ನೂ ದುಡಿಯುವ ವಯಸ್ಸಿನವರು. ಕಾಯಿಲೆಗೆ ಸರಾಸರಿ ಏಳೂವರೆ ವರ್ಷ. ಬರಿಯ ಔಷಧ ಪಡೆದವರಿಗಿಂತ ಡಿಬಿಎಸ್ ಕೂಡ ಪಡೆದವರ ಜೀವನದ ಗುಣಮಟ್ಟ ಎರಡು ವರ್ಷಗಳಲ್ಲಿ ಸ್ಪಷ್ಟವಾಗಿ ಮೇಲಾಗಿತ್ತು. ನೌಕರಿ ಹೋಗುವವರೆಗೆ ಕಾಯಬೇಕೇ ಎಂಬ ಚರ್ಚೆಗೆ ಇದರಿಂದ ಬಲ ಬಂತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಡಿಬಿಎಸ್ ನಡೆಯುತ್ತದೆ. ನಡುಕ ನಿಂತರೂ ಕೆಲವರ ಮಾತು ತೊದಲುವುದರಿಂದ ಶಿಕ್ಷಕರಿಗೆ ಲಾಭನಷ್ಟದ ತೂಕವೇ ಬೇರೆ. ಆರ್ಕ್ ವೆಲ್ಡಿಂಗ್ ಮಾಡುವವರು ಪ್ರಬಲ ವಿದ್ಯುತ್ಕಾಂತ ಕ್ಷೇತ್ರದ ಬಗ್ಗೆ ಮೊದಲೇ ವೈದ್ಯರನ್ನು ಕೇಳಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದ್ದು, ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ವಜಾ ಮಾಡುವಂತಿಲ್ಲ, ಹಿಂಬಡ್ತಿ ನೀಡುವಂತಿಲ್ಲ. ಹುದ್ದೆ ಒಗ್ಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಬದಲಿಸಬೇಕು. ಖಾಸಗಿ ಕಂಪನಿಯಲ್ಲಿ ದುಡಿಯುವವರಿಗೆ ಆ ಕಲಮಿನ ಆಸರೆ ಇಲ್ಲ.